ಮುಖ ಸವೆದ ರೂಪಾಯಿಗಳು

ಸವೆದ ವಸ್ತುವನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಕಾಲರ್ ಸವೆದ ಅಂಗಿಯನ್ನು ನಾನು ಒಂದು ದಿನವೂ ತೊಟ್ಟವನಲ್ಲ. ಹಿಮ್ಮಡಿ ಸವೆದ ಚಪ್ಪಲಿಗೆ ನಮ್ಮ ಮನೆಯಲ್ಲಿ ಪ್ರವೇಶವಿಲ್ಲ. ಸಾಗರದ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದು ನಿವೃತ್ತನಾದವನು ನಾನು. ಈಗ ಗಂಟೆ ಬಾರಿಸುವವರಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಹೊದಿಕೆಯ ಮೂಲೆಗೆ ಮೂಲೆ ಕೂಡದಿದ್ದರೆ ಬಿಚ್ಚಿ ಮತ್ತೆ ಮಡಚುತ್ತೇನೆ. ಇಂಥ ಮನುಷ್ಯನಿಗೆ ಹಳೆಯ ಬೆಳ್ಳಿ ರೂಪಾಯಿಗಳ ಹುಚ್ಚು ಹಿಡಿಯಿತು. ಹಿಡಿದದ್ದು ಹಿಡಿಯಿತು, ಫಳಫಳ ಹೊಳೆಯುವ ನಾಣ್ಯಗಳ ಹುಚ್ಚಾದರೂ ಹಿಡಿಯಬಾರದಿತ್ತೇ? ನನಗೆ ಬೇಕಾದದ್ದು ಅದರ ಮೇಲಿನ ಬ್ರಿಟಿಷ್ ರಾಣಿಯ ಮೂಗು ಹೋಗಿ, ಕಿವಿ ಹೋಗಿ, ಕೊನೆಗೆ ರಾಣಿಯೇ ಹೋಗಿ ಬೋಳು ಬಿಲ್ಲೆಯಾಗಿ ಉಳಿದ ರೂಪಾಯಿ.

ಇದಕ್ಕೆ ನನ್ನಲ್ಲಿ ಕಾರಣವಿದೆ. ಹೊಸದರಂತೆ ಕಾಣುವ ಹಳೆಯ ನಾಣ್ಯ ಎಂದರೇನು? ಟಂಕಸಾಲೆಯಿಂದ ಹೊರಬಿದ್ದದ್ದೇ ಯಾರದೋ ಪೆಟ್ಟಿಗೆ ಸೇರಿ ಮಲಗಿಬಿಟ್ಟದ್ದು. ಶಾಲೆಗೆ ಹೆಸರು ಹಚ್ಚಿಸಿ ಒಂದು ದಿನವೂ ತರಗತಿಗೆ ಬಾರದ ಹುಡುಗನ ಹಾಗೆ. ಸವೆದ ರೂಪಾಯಿಯದು ತಪ್ಪದ ಹಾಜರಿ. ಅದು ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆ ಗುದ್ದಾಡಿದೆ, ಬಾಣಂತಿಯ ಮನೆಯಲ್ಲಿ ಕೂಸಿನ ಸ್ನಾನದ ನೀರಿಗೆ ಬಿದ್ದಿದೆ, ಪ್ರತಿ ದೀಪಾವಳಿಗೂ ಹುಣಸೆಹಣ್ಣು ಹಾಕಿ ತಿಕ್ಕಿಸಿಕೊಂಡು ಲಕ್ಷ್ಮಿಯ ಮುಂದೆ ಕೂತಿದೆ. ಕೆಲವು ರೂಪಾಯಿಗಳ ಅಂಚು ಒಂದು ಕಡೆ ಚಪ್ಪಟೆಯಾಗಿರುತ್ತದೆ. ಕೂಸಿಗೆ ಮಾತು ಚೆನ್ನಾಗಿ ಬರಲೆಂದು ಕಲ್ಲಿನ ಮೇಲೆ ಬಜೆಯ ಬೇರನ್ನೂ ಬೆಳ್ಳಿಯನ್ನೂ ತೇದು ನಾಲಿಗೆಗೆ ಸವರುತ್ತಿದ್ದರಲ್ಲ, ಅದರ ಗುರುತು ಅದು. ಆ ರಾಣಿಯ ಮುಖ ಎಲ್ಲಿ ಹೋಯಿತು ಎಂದರೆ ನಮ್ಮ ಅಜ್ಜಂದಿರ ಹೊಟ್ಟೆಗೆ ಹೋಯಿತು. ಇದಕ್ಕಿಂತ ದೊಡ್ಡ ಸ್ವಾತಂತ್ರ್ಯ ಹೋರಾಟ ಬೇಕೆ?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬೆಳ್ಳಿ ಅಂಗಡಿಯವರಿಗೆಲ್ಲ ನನ್ನ ಪರಿಚಯವಿದೆ. ಕರಗಿಸಲು ಬಂದ ರೂಪಾಯಿಗಳನ್ನು ನನಗಾಗಿ ತೆಗೆದಿಡುತ್ತಾರೆ. ಬೆಳ್ಳಿಯ ಬೆಲೆ ಕೊಟ್ಟು, ನೇಣಿನಿಂದ ಬಿಡಿಸಿದವನ ಹೆಮ್ಮೆಯಲ್ಲಿ ಮನೆಗೆ ತರುತ್ತೇನೆ. ಹೀಗೆ ನಡೆದಿದ್ದಾಗ ಹೊಸನಗರಕ್ಕೆ ಕೊಟ್ಟ ನಮ್ಮ ಮಗಳು ಫೋನ್ ಮಾಡಿ, ಪಾಪು ಗೋಡೆ ಹಿಡಿದು ಹೆಜ್ಜೆ ಇಡುತ್ತಿದೆ ಎಂದಳು. ಸಂಭ್ರಮಪಟ್ಟೆ. ನನ್ನ ಹೆಂಡತಿ ಸುಮಿತ್ರಾ ಸಂಭ್ರಮದ ಜೊತೆಗೆ ಲೆಕ್ಕಾಚಾರವನ್ನೂ ಮಾಡಿದಳು.

"ಏನ್ರೀ, ಪಾಪುಗೆ ಗೆಜ್ಜೆ ಮಾಡಿಸ್ಬೇಕು. ಆ ಬೋಳು ರೂಪಾಯಿ ನಾಕು ಕೊಡಿ, ಆಚಾರ್ರ ಹತ್ರ ಹಾಕಿ ಬರ್ತೀನಿ."

"ಅಂಗಡೀಲಿ ಬೇಕಾದಂಥ ಗೆಜ್ಜೆ ಸಿಗತ್ತಲ್ಲೇ."

"ಮೊದಲ್ನೇ ಗೆಜ್ಜೆ ಅಜ್ಜನ ಮನೆ ಬೆಳ್ಳೀಲೇ ಆಗ್ಬೇಕು. ನನಗೂ ಹಂಗೇ ಮಾಡಿಸಿದ್ರು, ನಿಮ್ಮ ಮಗಳಿಗೂ ಹಂಗೇ ಆಗಿದ್ದು. ಕಣ್ಣಿಲ್ಲ ಮೂಗಿಲ್ಲ, ಅವನ್ನ ಇಟ್ಕೊಂಡು ಏನ್ ಪೂಜೆ ಮಾಡ್ತೀರಾ? ಯಾರಾದ್ರೂ ಒಬ್ರು ಚೆನ್ನಾಗಿದೆ ಅಂದಿದಾರಾ?"

ನಾಲ್ಕು ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಇವತ್ತು ಗೆಜ್ಜೆ, ನಾಳೆ ಉಡಿದಾರ, ನಾಡಿದ್ದು ಹಾಲಿನ ಬಟ್ಟಲು. ಬೆಳ್ಳಿ ಕರಗಿಸುವ ಮೂಸೆಯ ರುಚಿ ಹತ್ತಿದರೆ ನನ್ನ ಸಂಗ್ರಹವೇ ಉಳಿಯುವುದಿಲ್ಲ. ತೀರ್ಥಹಳ್ಳಿಯ ಕಲ್ಯಾಣಮಂಟಪವೊಂದರಲ್ಲಿ ಹಳೆಯ ನಾಣ್ಯಗಳ ಪ್ರದರ್ಶನ ಏರ್ಪಾಡಾಗಿತ್ತು. "ಅಲ್ಲಿಗೆ ತಗೊಂಡು ಹೋಗ್ತೀನಿ. ಒಬ್ಬರಾದರೂ ತಾವಾಗಿ ಬಂದು ಚೆನ್ನಾಗಿದೆ ಅಂದರೆ ನೀನು ಇವನ್ನು ಕೇಳಬಾರದು. ಯಾರೂ ಅನ್ನದಿದ್ದರೆ ನಿನಗೆ ಬೇಕಾದಷ್ಟು ತಗೋ" ಎಂದೆ. ಸುಮಿತ್ರಾ ಸಾಕ್ಷಿಗೆಂದು ತಾನೇ ಹೊರಟು ನಿಂತಳು. ನನ್ನ ಮಾತಿನ ಮೇಲೆ ಆಕೆಗೆ ಅಷ್ಟು ವಿಶ್ವಾಸ.

ಪ್ರದರ್ಶನದ ಯಜಮಾನಿಕೆ ವಾಸಣ್ಣ ಎಂಬವರದು. ಅವರ ನಾಣ್ಯಗಳು ಮಖಮಲ್ಲಿನ ಮೇಲೆ, ಗಾಜಿನೊಳಗೆ, ದೀಪದ ಕೆಳಗೆ ಮದುಮಕ್ಕಳಂತೆ ಕೂತಿದ್ದವು. ನನ್ನ ಗಂಟು ಬಿಚ್ಚಿದಾಗ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಇದೆಂತ ಮಾರಾಯ್ರೇ ತಂದಿದ್ದು? ಕೇರಂ ಕಾಯಿ ಇದ್ದಂಗಿದಾವೆ! ಗಾಜಿನ ಪೆಟ್ಟಿಗೆ ಒಂದೂ ಉಳ್ದಿಲ್ಲ. ಅಲ್ಲಿ ಕೈ ತೊಳೆಯೋ ಜಾಗದ ಹತ್ರ ಒಂದು ಬೆಂಚಿದೆ, ನೋಡಿ" ಎಂದರು.

ಬೆಂಚಿನ ಮೇಲೆ ಬಿಳಿಯ ಟವೆಲ್ ಹಾಸಿ, ಸ್ಕೇಲ್ ಇಟ್ಟು, ಹಾಸ್ಟೆಲಿನ ಪ್ರಾರ್ಥನಾ ಸಾಲಿನಂತೆ ರೂಪಾಯಿಗಳನ್ನು ನಿಲ್ಲಿಸಿದೆ. ಬಹಳ ಹೊತ್ತು ಯಾರೂ ಬರಲಿಲ್ಲ. ತಪ್ಪು, ಒಬ್ಬರು ಬಂದರು. ಕೈ ತೊಳೆದು, ನನ್ನ ಟವೆಲಿನ ತುದಿಗೆ ಒರೆಸಿಕೊಂಡು, "ಉಪಕಾರ ಆಯ್ತು" ಎಂದು ಹೋದರು. ಎದುರಿನ ಕುರ್ಚಿಯಲ್ಲಿ ಕೂತ ಸುಮಿತ್ರಾ, ಪಕ್ಕದ ಹೆಂಗಸಿನ ಜೊತೆ ಗೆಜ್ಜೆಗೆ ಮುತ್ತಿನಂಥ ಮಣಿ ಚಂದವೋ ಮಾವಿನಕಾಯಿ ಮಣಿ ಚಂದವೋ ಎಂದು ನನಗೆ ಕೇಳುವಂತೆ ಚರ್ಚಿಸುತ್ತಿದ್ದಳು.

ಆಗ ಹೊಸನಗರದ ಕಡೆಯ ಅಜ್ಜಿಯೊಬ್ಬರು ಸೊಸೆಯ ಜೊತೆ ಅಲ್ಲಿಗೆ ಬಂದರು. ಬಂದವರೇ ಅಂಚು ಚಪ್ಪಟೆಯಾದ ರೂಪಾಯಿಯೊಂದನ್ನು ಸಾಲಿನಿಂದ ಎತ್ತಿಕೊಂಡುಬಿಟ್ಟರು! ಮೂವತ್ತು ವರ್ಷ ಹಾಸ್ಟೆಲನ್ನು ನಡುಗಿಸಿದ ಗಂಟಲು ತಾನಾಗಿ ತೆರೆಯಿತು. ಅಷ್ಟರಲ್ಲಿ ಅಜ್ಜಿ ಅದನ್ನು ಕೆನ್ನೆಗೆ ಒತ್ತಿಕೊಂಡಿದ್ದರು. ನನ್ನ ಗಂಟಲು ಹಾಗೇ ಮುಚ್ಚಿತು.

"ಅಯ್ಯೋ, ಎಷ್ಟು ಚಂದ ಇದ್ಯೇ! ನುಣ್ಣಗೆ, ತಣ್ಣಗೆ. ನಮ್ಮನೇಲಿದ್ದಿದ್ದೂ ಹಿಂಗೇ ಇತ್ತು ಸಾವಿತ್ರೀ. ನಿನ್ನ ಗಂಡ ಕೂಸಿದ್ದಾಗ ಇಂಥದ್ರಲ್ಲೇ ಬಜೆ ತೇದು ನೆಕ್ಸಿದ್ದು."

"ಸ್ವಲ್ಪ ಕಡಿಮೆ ತೇಯ್ಬೇಕಿತ್ತು ಅತ್ತೆ" ಎಂದಳು ಸೊಸೆ. "ಈಗ ಅವ್ರ ಬಾಯಿ ಮುಚ್ಸೋಕೆ ಆಗ್ತಿಲ್ಲ."

ಅತ್ತೆ ಸೊಸೆ ಇಬ್ಬರೂ ನಕ್ಕ ನಗು ಮಂಟಪದ ಆಚೆ ತುದಿಗೂ ಕೇಳಿರಬೇಕು. ಗಾಜಿನ ಪೆಟ್ಟಿಗೆಗಳ ಮೇಲೆಲ್ಲ 'ಮುಟ್ಟಬೇಡಿ' ಎಂಬ ಚೀಟಿಗಳಿದ್ದವು. ನನ್ನ ಬೆಂಚಿನಲ್ಲಿ ಗಾಜೂ ಇಲ್ಲ, ಚೀಟಿಯೂ ಇಲ್ಲ. ಜನ ನೆರೆದರು. ಒಬ್ಬರು ಹೆಬ್ಬೆರಳಿನಲ್ಲಿ ಸವರಿ ಕಣ್ಣು ಮುಚ್ಚಿದರು. ಇನ್ನೊಬ್ಬರು ಬೆರಳ ತುದಿಯಲ್ಲಿ ಚಿಮ್ಮಿಸಿ ಕಿವಿಗೆ ಹಿಡಿದರು. ಯಾರೋ ತಮ್ಮ ಮುತ್ತಜ್ಜಿಯ ಸಂಚಿಯ ಕಥೆ ತೆಗೆದರು. ನಾನು ತಡಮಾಡದೆ ಎದ್ದು ಗಂಡಸರದೊಂದು ಹೆಂಗಸರದೊಂದು ಸಾಲು ಮಾಡಿಸಿದೆ. ಸಾಲು ಬಾಗಿಲು ದಾಟಿತು. ಮದುಮಕ್ಕಳು ಗಾಜಿನೊಳಗೆ ಒಬ್ಬಂಟಿಯಾಗಿ ಹೊಳೆಯುತ್ತಿದ್ದರು. ಕೊನೆಗೆ ವಾಸಣ್ಣನವರೇ ಬಂದು, "ನೋಡುವಾ, ನಂಗೂ ಒಂದು ಕೊಡಿ ಮಾರಾಯ್ರೇ" ಎಂದು ಪಕ್ಕದಿಂದ ಕೈ ಚಾಚಿದರು.

"ಸಾಲಿನಲ್ಲಿ ಬನ್ನಿ" ಎಂದೆ. ಜೀವಮಾನದಲ್ಲಿ ಆ ಎರಡು ಪದಗಳನ್ನು ಅದೆಷ್ಟು ಸಲ ಹೇಳಿದ್ದೇನೋ, ಇಷ್ಟು ಸಿಹಿಯಾಗಿ ಎಂದೂ ಹೊರಬಿದ್ದಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನದೇ ಮಾತು. ಮನುಷ್ಯರ ಕೈ ತಾಗದ ಬೆಳ್ಳಿಗೆ ಎಷ್ಟು ಹೊಳಪಿದ್ದರೇನು, ಅದು ಬರೀ ಲೋಹ. ಕೈಯಿಂದ ಕೈಗೆ ಹೋಗಿ ಸವೆದದ್ದೇ ನಿಜವಾದ ಒಡವೆ ಎಂದು ಹೊಸನಗರದವರೆಗೂ ಭಾಷಣ ಮಾಡಿದೆ. ಸುಮಿತ್ರಾ ಎಲ್ಲದಕ್ಕೂ ಹೌದೌದು ಎಂದಳು. ಸೋತವರು ಇನ್ನೇನು ತಾನೇ ಹೇಳಿಯಾರು ಎಂದುಕೊಂಡೆ.

ಮನೆಗೆ ಬಂದವಳೇ ಕಪಾಟಿನ ಮೇಲಿನ ಖಾನೆಯಿಂದ ಒಂದು ಡಬ್ಬಿ ಇಳಿಸಿದಳು. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು ಕೂಡಿ ಕೊಟ್ಟ ಬೆಳ್ಳಿಯ ತಟ್ಟೆ. 'ಶಿಸ್ತಿನ ಸಿಪಾಯಿ' ಎಂದು ದಪ್ಪಕ್ಷರದಲ್ಲಿ ಕೊರೆಸಿ, ಕೆಳಗೆ ನನ್ನ ಹೆಸರು ಹಾಕಿಸಿದ್ದರು. ಮಾಸಬಾರದೆಂದು ನಾನೇ ಹತ್ತಿಯಲ್ಲಿ ಸುತ್ತಿಟ್ಟಿದ್ದೆ.

"ಒಂದಕ್ಷರಾನೂ ಸವೆದಿಲ್ಲ" ಎಂದಳು ಸುಮಿತ್ರಾ, ತಟ್ಟೆಯನ್ನು ಬೆಳಕಿಗೆ ಹಿಡಿದು. "ಒಬ್ರ ಕೈಯೂ ತಾಗಿಲ್ಲ. ಬಸ್ಸಲ್ಲಿ ನೀವು ಹೇಳಿದ್ರಲ್ಲ, ಬರೀ ಲೋಹ ಅಂತ, ಅದೇ ಅಲ್ವಾ ಇದು?"

ನನ್ನ ರೂಪಾಯಿಗಳು ಒಂದೂ ಕದಲದೆ ಪೆಟ್ಟಿಗೆಯಲ್ಲಿ ಸಾಲಾಗಿ ಕೂತಿವೆ. ಗೆದ್ದದ್ದು ನಾನೇ, ಅದರಲ್ಲಿ ಅನುಮಾನವಿಲ್ಲ. ಇನ್ನು ಶಿಸ್ತಿನ ಸಿಪಾಯಿಯ ವಿಷಯ. ಅವನೀಗ ಹೊಸನಗರದಲ್ಲಿ, ಮೊಮ್ಮಗಳ ಕಾಲಲ್ಲಿ ಝಲ್ ಝಲ್ ಎನ್ನುತ್ತಾ ಮನೆ ತುಂಬ ಓಡುತ್ತಾನೆ, ಹೊತ್ತಲ್ಲದ ಹೊತ್ತಿನಲ್ಲಿ ಏಳುತ್ತಾನೆ, ಊಟಕ್ಕೆ ಎಷ್ಟು ಕರೆದರೂ ಬರುವುದಿಲ್ಲ.