ಮೆನ್ನೋ ರಿಪೇರಿ ಮಾಡಿದ ಯಂತ್ರ

ಲವೀನಾ ಹುಲ್ಲು ಕೊಯ್ಯುವ ಯಂತ್ರದ ಕೆಳಗೆ ಅಂಗಾತ ಮಲಗಿ, ಸೀಮೆಎಣ್ಣೆ ಬಟ್ಟೆಯಿಂದ ಹಲ್ಲುಚಕ್ರದ ತುಕ್ಕು ಒರೆಸುತ್ತಿದ್ದಳು. ಒಂದು ನಟ್ಟು ಮಾತ್ರ ಹಟಮಾರಿ ಮಗುವಿನ ಹಾಗೆ ಕಚ್ಚಿ ಕೂತಿತ್ತು. ಕುದುರೆಗಳು ಎಳೆದರೆ ಗಾಲಿ ಉರುಳಬೇಕು, ಗಾಲಿಯಿಂದ ಹಲ್ಲುಚಕ್ರ ತಿರುಗಬೇಕು, ಅದರಿಂದ ಕತ್ತಿ ಅತ್ತಿತ್ತ ಓಡಬೇಕು. ಇಷ್ಟು ಅವಳಿಗೆ ಅರ್ಥವಾಗಿತ್ತು. ಯಂತ್ರಕ್ಕೆ ಮಾತ್ರ ಅರ್ಥವಾಗಿರಲಿಲ್ಲ.

ಸಂಜೆ ಮೈದುನ ಆಬ್ನರ್ ಬರುತ್ತಾನೆ. ಅವನು ಹಾಕಿದ ಷರತ್ತು ಇಷ್ಟು: ಅವಳೊಬ್ಬಳೇ ಸರಿಮಾಡಿದ ಯಂತ್ರ ಒಂದು ಸಾಲು ಕೊಯ್ದರೆ, ತೀರಿಹೋದ ಗಂಡ ಮೆನ್ನೋನ ಹುಲ್ಲುಗಾವಲು ಅವಳದೇ. ಇಲ್ಲವಾದರೆ ಹುಲ್ಲುಗಾವಲು ಆಬ್ನರ್‌ಗೆ, ಕುದುರೆಗಳು ಹರಾಜಿಗೆ. ಅವಳೂ, ಆರು ವರ್ಷದಿಂದ ಹಾಸಿಗೆ ಹಿಡಿದ ಅತ್ತೆಯೂ ಅವನ ಮನೆಯ ಹಿಂದಿನ ಕೋಣೆಗೆ.

ಒಲೆಯಲ್ಲಿದ್ದ ಬ್ರೆಡ್ಡು ನೋಡಿ ಬರುವಷ್ಟರಲ್ಲಿ ಆ ನಟ್ಟು ಸಡಿಲವಾಗಿತ್ತು. ಸೀಮೆಎಣ್ಣೆ ಬಟ್ಟೆಯನ್ನು ಯಾರೋ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಕೊಟ್ಟಿಗೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕುದುರೆಗಳೆರಡೂ ಕಿವಿ ನಿಮಿರಿಸಿ ಹಿಂಬಾಗಿಲನ್ನೇ ನೋಡುತ್ತಿದ್ದವು.

ಕಾಫಿಗೆ ಬಂದ ಪಕ್ಕದ ಮನೆಯ ಟಿಲ್ಲಿ ಸುದ್ದಿ ಕೇಳಿ ಕಾಫಿ ಲೋಟವನ್ನು ಎದೆಗೆ ಅವಚಿಕೊಂಡಳು.

"ನಿನ್ ಗಂಡಂದೇ ಕೆಲಸ ಕಣೇ ಇದು."

"ಬದುಕಿದ್ದಾಗ ಬಾಗಿಲಿಗೆ ಒಂದು ಮೊಳೆ ಹೊಡೀಲಿಲ್ಲ ಮಾರಾಯ್ತಿ, ಸತ್ತಮೇಲೆ ಇಷ್ಟು ಚುರುಕಾದ್ನಾ?"

"ಅಲ್ಲಿ ಮಾಡೋಕೆ ಏನೂ ಇರಲ್ವಲ್ಲ. ಬೇಜಾರಾಗಿರುತ್ತೆ."

ಅಷ್ಟರಲ್ಲಿ ಕೊಟ್ಟಿಗೆಯಿಂದ ಕೇಳಿಸಿತು: ಟಿಕ್, ಟಿಕ್, ಟಿಕ್. ಗಾಲಿಯನ್ನು ಹಿಂದಕ್ಕೆ ತಿರುಗಿಸಿದಾಗ ಮಾತ್ರ ಬರುವ ಸದ್ದು. ಇಬ್ಬರೂ ಓಡಿದರು. ಯಂತ್ರದ ಕಬ್ಬಿಣದ ಆಸನ ತನ್ನ ಪಟ್ಟಿಯ ಮೇಲೆ ಮೆಲ್ಲಗೆ ತೂಗುತ್ತಿತ್ತು, ಯಾರೋ ಈಗಷ್ಟೇ ಇಳಿದುಹೋದ ಹಾಗೆ. ವಾರೆಯಾಗಿದ್ದ ಕತ್ತಿ ನೆಟ್ಟಗೆ ಕೂತಿತ್ತು. ತೆರೆದ ಹಿಂಬಾಗಿಲಿನಾಚೆ ಬರೀ ಮಂಜು.

ಸಂಜೆ ಆಬ್ನರ್ ಕುದುರೆ ಹೂಡಿದ. ಕತ್ತಿ ಗುಂಯ್‌ಗುಟ್ಟಿತು, ಹುಲ್ಲು ಬಾಚಿದ ಒದ್ದೆ ಕೂದಲಿನ ಹಾಗೆ ಮಲಗುತ್ತ ಹೋಯಿತು. ಸಾಲು ಮುಗಿದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಅತ್ತಿಗೆ, ಇದನ್ನ ಸರಿ ಮಾಡಿದ್ದು ಯಾರು?"

ಲವೀನಾ ಬಾಯಿ ತೆರೆಯುವ ಮುಂಚೆಯೇ ಟಿಲ್ಲಿ ಅಂದಳು, "ಇನ್ಯಾರು? ನಿಮ್ಮಣ್ಣ!"

ಆಬ್ನರ್ ಟೋಪಿ ತೆಗೆದು ಆಸನದಿಂದ ಜಾರಿ ಇಳಿದ. "ಹುಲ್ಲುಗಾವಲು ನಿಮ್ಮ ಹತ್ರಾನೇ ಇರ್ಲಿ ಅತ್ತಿಗೆ. ನಂಗೆ ಬೇಡ." ಕಾಫಿಗೂ ನಿಲ್ಲಲಿಲ್ಲ.

ಅತ್ತೆಗೆ ಸೂಪು ಒಯ್ದ ಲವೀನಾ ಕಂಬಳಿ ಸರಿಮಾಡಲು ಎತ್ತಿದಳು. ಅತ್ತೆಯ ಕಾಲಲ್ಲಿ ಬೂಟು. ಬೂಟಿಗೆ ಅಂಟಿದ ಕೊಟ್ಟಿಗೆಯ ಹುಲ್ಲು. ಹತ್ತು ಉಗುರುಗಳಲ್ಲೂ ಗ್ರೀಸು.

ಆರು ವರ್ಷ! ದಿನಕ್ಕೆ ಮೂರು ಸಲ ಎತ್ತಿ ಕೂರಿಸಿ ಸೊಂಟವೇ ಹೋಗಿತ್ತು. ಬಟ್ಟಲನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು ಲವೀನಾಳಿಗೆ.

"ನಮ್ಮಪ್ಪ ಕಮ್ಮಾರ," ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನಾನು ಓಡಾಡ್ತೀನಿ ಅಂತ ಆಬ್ನರ್‌ಗೆ ಗೊತ್ತಾದ್ರೆ, ದೆವ್ವ ಯಾರು ಅಂತಾನೂ ಗೊತ್ತಾಗುತ್ತೆ. ನಾಳೆನೇ ಹುಲ್ಲುಗಾವಲು ಕೇಳ್ಕೊಂಡು ಬರ್ತಾನೆ. ಸೂಪು ಆರ್ತಿದೆ, ಸ್ವಲ್ಪ ಎತ್ತಿ ಕೂರಿಸು."

ಲವೀನಾ ಎತ್ತಿ ಕೂರಿಸಿದಳು. ಸೊಂಟ ಲಟಕ್ ಎಂದಿತು. ಚಮಚ ಚಮಚವಾಗಿ ಸೂಪು ಕುಡಿಸುತ್ತ ಕಿಟಕಿಯಾಚೆ ನೋಡಿದಳು. ಕೊಯ್ದ ಹುಲ್ಲನ್ನು ಇನ್ನೆರಡು ದಿನದಲ್ಲಿ ಗುಡ್ಡೆಹಾಕಬೇಕು. ಹುಲ್ಲು ಬಾಚುವ ಯಂತ್ರದ ಹಲ್ಲುಗಳೆಲ್ಲ ಸೊಟ್ಟಗಾಗಿ ವರ್ಷವಾಗಿತ್ತು. ಬೆಳಗ್ಗೆ ಅದನ್ನು ಕುದುರೆಯಿಂದ ಎಳೆಸಿ ಈ ಕಿಟಕಿಯ ಕೆಳಗೇ ತಂದು ನಿಲ್ಲಿಸಬೇಕು, ಆಮೇಲೆ ಇಡೀ ದಿನ ಟಿಲ್ಲಿಯ ಮನೆಗೆ ಹೋಗಿ ಕೂತುಬಿಡಬೇಕು ಎಂದುಕೊಂಡಳು.

ಅತ್ತೆಯ ಬಾಯಿ ಒರೆಸಿದಳು.