ಕೊತ್ತಂಬರಿ ಇಲ್ಲವೆಂದು ನಿಂತುಹೋದ ಕಂಪ್ಯೂಟರು

ನನ್ನ ಸೊಸೆಯಂಥ ಹಟಮಾರಿ ವರ್ತೂರಿನಲ್ಲಿ ಇನ್ನೊಬ್ಬಳಿಲ್ಲ. ಇದ್ದರೆ ಕರೆತನ್ನಿ, ಇಬ್ಬರನ್ನೂ ಒಂದೇ ಅಡುಗೆಮನೆಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತೇನೆ! ಬಸ್ಸಾರಿಗೆ ಕೊತ್ತಂಬರಿ ಸೊಪ್ಪಿಲ್ಲ ಅಂದರೆ ಸಾಕು, ಕುದಿಯುವ ಸಾರನ್ನು ಹಾಗೇ ಬಿಟ್ಟು ಸ್ಟೌವ್ ಆರಿಸುತ್ತಾಳೆ. ಮಗಳ ಟಿಫಿನ್ ಡಬ್ಬಿಗೆ ಚಮಚ ಸಿಗಲಿಲ್ಲವೆಂದು ಒಮ್ಮೆ ಸ್ಕೂಲ್ ವ್ಯಾನನ್ನೇ ತಡೆದು ನಿಲ್ಲಿಸಿದ್ದಳು. ಅವತ್ತು ಡಬ್ಬಿಯಲ್ಲಿದ್ದದ್ದೇನು? ಚಪಾತಿ!

ಕಂಪ್ಯೂಟರಿಗೆ ಬರೆಯುವುದೂ ಇದೇ ಥರ. ಕಂಪನಿಗೆ ಹೊಸದಾಗಿ ಸೇರಿದವರ ಲ್ಯಾಪ್‌ಟಾಪನ್ನು ತಾನಾಗಿ ಕೆಲಸಕ್ಕೆ ಅಣಿಮಾಡುವ ಒಂದು ಸ್ಕ್ರಿಪ್ಟು ಬರೆದಿದ್ದಳು. ಮೊದಲ ಸಾಲಿನಲ್ಲೇ ಕಟ್ಟಪ್ಪಣೆ: ಒಂದು ತಪ್ಪಾದರೂ ಅಲ್ಲೇ ನಿಲ್ಲು! ಸೋಮವಾರ ಅದನ್ನು ದೊಡ್ಡ ಸಾಹೇಬರಿಗೆ ತೋರಿಸಬೇಕು. ಅವರು ಒಪ್ಪಿದರೆ ಇವಳೇ ಟೀಮ್ ಲೀಡು. ಆದರೆ ಇವಳ ಲ್ಯಾಪ್‌ಟಾಪ್ ಬಿಟ್ಟು ಬೇರೆ ಯಾರದರಲ್ಲೂ ಅದು ಓಡುತ್ತಿರಲಿಲ್ಲ.

ಭಾನುವಾರ ತಲೆ ಹಿಡಿದುಕೊಂಡು ಕೂತಿದ್ದಳು.

“ಏನಾಯ್ತೇ?”

“ಒಂದು ಸೆಟ್ಟಿಂಗ್ಸ್ ಫೈಲು ಅತ್ತೆ. ನನ್ ಹತ್ರ ಇದೆ, ಬೇರೆಯವ್ರ ಹತ್ರ ಇಲ್ಲ. ಇಲ್ಲ ಅಂದ ತಕ್ಷಣ ನಿಂತೋಗುತ್ತೆ.”

“ಅದ್ರಾಗೆ ಅಂಥಾದ್ದೇನೈತೆ?”

“ಸ್ಕ್ರೀನ್ ಬಣ್ಣ, ಅಕ್ಷರದ ಸೈಜು…”

“ಥೂ! ಬಣ್ಣ ಇಲ್ಲ ಅಂತ ಕೆಲ್ಸ ಬಿಡ್ತದಾ? ಅದು ಕೊತ್ತಂಬ್ರಿ ಕಣೇ! ಐತಾ ಅಂತ ಮೊದ್ಲು ನೋಡು. ಇದ್ರೆ ಹಾಕು. ಇಲ್ದಿದ್ರೆ ‘ಇಲ್ಲ’ ಅಂತ ಒಂದು ಮಾತು ಹೇಳಿ ಮುಂದಕ್ಕೋಗು. ಅಕ್ಕಿನೇ ಇಲ್ಲ ಅಂದ್ರೆ ಒಲೆ ಆರ್ಸು.”

“ಹಾಗಾದ್ರೆ ಮೊದಲ್ನೇ ಸಾಲೇ ತೆಗೆದ್ಬಿಡ್ಲಾ?”

“ಯಾಕೆ? ಅಕ್ಕಿಗೆ ಆ ಕಾವಲು ಬ್ಯಾಡ್ವಾ?”

ಟಕಟಕ ಬಡಿದಳು. ಆ ಫೈಲು ಇಲ್ಲದ ಲ್ಯಾಪ್‌ಟಾಪಿನಲ್ಲೂ ಓಡಿತು! ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಯಾವ ಕಂಪನಿಯೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ, ಅದು ಅವರ ಕರ್ಮ.

ದಿನಾ ಹನ್ನೊಂದಕ್ಕೆ ಆಫೀಸಿನಿಂದ ಫೋನ್ ಮಾಡಿ ‘ಬಿಪಿ ಮಾತ್ರೆ ತಗೊಂಡ್ರಾ?’ ಎಂದು ಕೇಳುವುದು ಅವಳ ಇನ್ನೊಂದು ನಿಯಮ. ಸೋಮವಾರ ನಾನು ಫೋನು ಮನೆಯಲ್ಲೇ ಮರೆತು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ವಾಪಸು ಬಂದರೆ ಗೇಟಿನಲ್ಲಿ ಸೊಸೆ! ಕೊರಳಲ್ಲಿ ಆಫೀಸಿನ ಕಾರ್ಡು, ತಲೆಯ ಮೇಲೆ ಇನ್ನೂ ಹೆಲ್ಮೆಟ್ಟು.

“ತೋರ್ಸಿದ್ಯಾ?”

“ಇಲ್ಲ. ಒಂಬತ್ತು ಸಲ ಫೋನ್ ಮಾಡ್ದೆ, ನೀವು ಎತ್ಲಿಲ್ಲ. ಮೀಟಿಂಗ್ ಅರ್ಧಕ್ಕೆ ಬಿಟ್ಟು ಬಂದ್ಬಿಟ್ಟೆ.”

“ತಲೆ ನೆಟ್ಟಗೈತಾ? ನೆನ್ನೆ ತಾನೇ ಹೇಳ್ಕೊಟ್ನಲ್ಲ! ‘ಇಲ್ಲ’ ಅಂತ ಒಂದು ಮಾತು ಹೇಳಿ ಮುಂದಕ್ಕೋಗೋದಲ್ವಾ?”

“ನೀವು ಕೊತ್ತಂಬ್ರಿ ಅಲ್ಲ ಅತ್ತೆ.”

ಬೈಯಲು ಬಾಯಿ ತೆರೆದೆ. ಬೈಯುವ ಬದಲು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದೆ.

“ಸಾಹೇಬ್ರು ಮೂರು ಗಂಟೆಗೆ ಮತ್ತೆ ಬಾ ಅಂದಿದಾರೆ,” ಅಂದಳು.

“ಅಂಗಾದ್ರೆ ಉಂಡ್ಕೊಂಡು ಹೋಗು,” ಎಂದು ಅಕ್ಕಿ ತೊಳೆಯಲು ಒಳಗೆ ಹೋದೆ.

ಅವತ್ತೂ ಸಾರಿಗೆ ಕೊತ್ತಂಬರಿ ಇರಲಿಲ್ಲ. “ಇಲ್ಲ,” ಅಂದಳು. ಸ್ಟೌವ್ ಆರಿಸಲಿಲ್ಲ.