ಕಂತ್ರಿ ನಾಯಿಯ ವಕೀಲೆ ನಮ್ಮತ್ತೆ

ಸಾವಿನ ಮನೆಗೆ ಹೋದರೂ ನಾಯಿಯ ಮಾತು ತೆಗೆಯದೆ ವಾಪಸು ಬಂದರೆ ಅವಳು ನಮ್ಮ ಸೋದರತ್ತೆಯೇ ಅಲ್ಲ! ಅನುಮಾನವಿದ್ದರೆ ಕೆ.ಆರ್. ನಗರದ ನಮ್ಮ ನೆಂಟರನ್ನು ಕೇಳಿ ನೋಡಿ. ಆ ಮನೆಯ ಯಜಮಾನರು ತೀರಿಕೊಂಡು, ಹೆಣವನ್ನು ನಡುಮನೆಯಲ್ಲಿ ತಣ್ಣನೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹೆಂಗಸರು ಸುತ್ತ ಕೂತು ಅಳುತ್ತಿದ್ದರು. ಅತ್ತೆಯೂ ಹೋಗಿ, ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡು, ಅಳುವುದಕ್ಕೆ ಹದವಾಗಿ ಕೂತಳು. ಅಷ್ಟರಲ್ಲಿ ಮಂಚದ ಕೆಳಗಿನಿಂದ ಗೊರಗೊರ ಸದ್ದು ಬಂತು. ಆ ಮನೆಯ ಮಗ ಮೈಸೂರಿನಿಂದ ತಂದು ಸಾಕಿದ್ದ ಪಗ್ ನಾಯಿ. ಮುಖವನ್ನು ಯಾರೋ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿದ ಹಾಗಿತ್ತು ಪಾಪ.

"ಯಪ್ಪಾ, ಇದ್ಕೆ ಉಸ್ರೇ ಆಡ್ತಿಲ್ವಲ್ಲಪ್ಪಾ!" ಎಂದು ಅತ್ತೆ ಕಣ್ಣಿನಿಂದ ಸೆರಗು ತೆಗೆದಳು.

"ಅದು ಯಾವಾಗ್ಲೂ ಅಂಗೇ ಕಣತ್ತೆ. ಜಾತಿ ನಾಯಿ ಅಲ್ವಾ," ಎಂದ ಮಗ, ಅಳುವಿನ ನಡುವೆಯೇ.

"ಮೂಗೇ ಇಲ್ದಿರೋದು ಎಂತಾ ಜಾತಿನಪ್ಪಾ? ಆ ಫ್ಯಾನು ಇತ್ತಗೆ ತಿರುಗ್ಸು. ನಿಮ್ಮಪ್ಪಂಗೆ ಪೆಟ್ಟಿಗೇಲಿ ತಣ್ಣಗದೆ."

ಫ್ಯಾನು ತಿರುಗಿತು! ಅಳುವ ಹೆಂಗಸರೆಲ್ಲ ಬೆವರು ಒರೆಸಿಕೊಂಡರು, ಪಗ್ಗು ಮಾತ್ರ ಸುಖವಾಗಿ ಕಣ್ಣು ಮುಚ್ಚಿತು. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅತ್ತೆಯನ್ನು ಚೆನ್ನಾಗಿಯೇ ಬೈದೆ. ಅವಳು ಕಿಟಕಿಯಾಚೆ ನೋಡುತ್ತಾ, "ಹೋದೋರ್ಗೆ ಏನ್ ಮಾಡಕಾಯ್ತದವ್ವಾ? ಇದಿನ್ನೂ ಉಸ್ರಾಡ್ತಿತ್ತು," ಎಂದಳು. 

ಅತ್ತೆ ಮತ್ತು ಮಾವ ಇರುವುದು ಪಿರಿಯಾಪಟ್ಟಣದಲ್ಲಿ. ನಾನು ಹುಣಸೂರಿನವಳು, ಬಿಡುವಾದಾಗಲೆಲ್ಲ ಅವರನ್ನು ನೋಡಿಬರಲು ಹೋಗುತ್ತೇನೆ. ಮಾವ ಒಂದು ಕಾಲಕ್ಕೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನೋಡಿಕೊಳ್ಳುತ್ತಿದ್ದವರು. ಬ್ಯಾರನ್ನಿನ ಮುಂದೆ ಕೂತು ಉರಿ ನೋಡೀ ನೋಡೀ ಮಾತು ಆವಿಯಾಗಿ ಹೋಯಿತೋ ಏನೋ, ಇಡೀ ದಿನದಲ್ಲಿ ಬಾಯಿ ಬಿಡುವುದು ಊಟಕ್ಕೆ ಮಾತ್ರ. ಆ ಮನೆಯ ಮಾತಿನ ಇಲಾಖೆ ಪೂರ್ತಿ ಅತ್ತೆಯದೇ. ಮಕ್ಕಳು ಹುಟ್ಟಿದ್ದವು, ಉಳಿಯಲಿಲ್ಲ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಅದರಾಚೆಗೆ ನಾವ್ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅತ್ತೆಯ ಸಿದ್ಧಾಂತ ಬಹಳ ಸರಳ. ಜಾತಿ ನಾಯಿ ಹುಟ್ಟುವಾಗಲೇ ಕಾಯಿಲೆಯನ್ನು ಜೊತೆಗೆ ಕಟ್ಟಿಕೊಂಡು ಹುಟ್ಟುತ್ತದೆ. ಕಂತ್ರಿ ನಾಯಿಗೆ ಕಾಯಿಲೆಯೇ ಬರುವುದಿಲ್ಲ. "ಯಾಕೆ ಹೇಳು? ಅದ್ರವ್ವ ಒಂದೂರು, ಅಪ್ಪ ಇನ್ನೊಂದೂರು. ಅಪ್ಪ ಯಾರು ಅಂತ್ಲೂ ಗೊತ್ತಿಲ್ಲ ಬುಡು, ಅದೇ ಅದ್ರ ಪುಣ್ಯ!" ತರಕಾರಿ ಮಾರುವವಳಿಂದ ಹಿಡಿದು ಮೀಟರ್ ನೋಡಲು ಬಂದವನವರೆಗೆ ಈ ಪಾಠ ಕೇಳದೆ ಆ ಮನೆಯ ಹೊಸಿಲು ದಾಟಿದವರಿಲ್ಲ.

ಈ ಸಿದ್ಧಾಂತಕ್ಕೆ ಸಾಕ್ಷಿಯಾಗಿ ಅವಳ ಬಳಿ ಗಿಡ್ಡಿ ಇತ್ತು. ಎಚ್.ಡಿ. ಕೋಟೆ ಆಚೆ, ಎನ್. ಬೇಗೂರಿನ ನೆಂಟರ ಮನೆಗೆ ಹೋಗಿದ್ದವಳು, ಕೊಟ್ಟಿಗೆಯಲ್ಲಿ ಹುಟ್ಟಿದ್ದ ಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದಳು. ಒಡಹುಟ್ಟಿದ ಮರಿಗಳನ್ನೆಲ್ಲ ಚಿರತೆ ಹೊತ್ತುಕೊಂಡು ಹೋಗಿ ಉಳಿದದ್ದು ಇದೊಂದೇ ಅಂತೆ. ಕಂಡಕ್ಟರಿಗೆ ಅನುಮಾನ ಬಂತು.

"ಏನಮ್ಮಾ ಚೀಲದಲ್ಲಿ?"

"ಸೊಪ್ಪು ಕಣಪ್ಪಾ."

ಅಷ್ಟರಲ್ಲಿ ಚೀಲ ಕುಂಯ್ ಎಂದಿತು.

"ಸೊಪ್ಪು ಕೂಗ್ತದಾ?"

"ನಿನ್ ಬಸ್ಸು ಈ ಗುಂಡೀಲಿ ಬಿದ್ದು ಎದ್ದು ಹೋಯ್ತಾ ಇದ್ರೆ ಸೊಪ್ಪಲ್ಲ, ಕಲ್ಲೂ ಕೂಗ್ತದೆ!"

ಬಸ್ಸೆಲ್ಲ ನಕ್ಕಿತು. ಗಿಡ್ಡಿ ಕಂಡಕ್ಟರನ ಕಾಲಬುಡದಲ್ಲೇ ಒದ್ದೆ ಮಾಡಿ ಪಿರಿಯಾಪಟ್ಟಣ ಸೇರಿತು. ಕುಳ್ಳು ಕಾಲು, ಒಂದು ಕಿವಿ ಮೇಲೆ, ಒಂದು ಕೆಳಗೆ, ಹೊಗೆಸೊಪ್ಪಿನ ಬಣ್ಣ. ರಾಗಿಮುದ್ದೆ, ಹುರುಳಿ ಸಾರು, ಕೊನೆಗೆ ಮಾವನ ಚಪ್ಪಲಿ, ಯಾವುದು ತಿಂದರೂ ಅರಗಿಸಿಕೊಳ್ಳುತ್ತಿತ್ತು.

ಎದುರು ಪಕ್ಷ ಎದುರು ಮನೆಯಲ್ಲೇ ಇತ್ತು. ನಿವೃತ್ತ ಮೇಷ್ಟ್ರು ಒಬ್ಬರು, ಅವರ ಲ್ಯಾಬ್ರಡಾರ್ ಬ್ರೂನೋ. ಬ್ರೂನೋಗೆ ಚಿಕ್ಕಂದಿನಿಂದಲೇ ಸೊಂಟದ ಮೂಳೆ ಸರಿಯಾಗಿ ಕೂತಿಲ್ಲ. ಮೇಷ್ಟ್ರಿಗೂ ಸೊಂಟ ನೋವು. ಬೆಳಿಗ್ಗೆ ಇಬ್ಬರೂ ಒಂದೇ ತಾಳಕ್ಕೆ ಕುಂಟುತ್ತಾ ವಾಕಿಂಗ್ ಹೊರಟರೆ ಅತ್ತೆ ಜಗುಲಿಯಿಂದ ವಿಚಾರಿಸುತ್ತಿದ್ದಳು: "ಮೇಷ್ಟ್ರೇ, ಇವತ್ತು ಯಾರ್‍ನ ಯಾರು ಕರ್ಕೊಂಡು ಹೋಗ್ತಾವ್ರೆ?"

ನಾನೂ ಜಗುಲಿಯಲ್ಲಿದ್ದ ಒಂದು ದಿನ ಮೇಷ್ಟ್ರು ತಿರುಗಿ ನಿಂತರು. "ನಗಿ ಕಣಮ್ಮಾ, ನಗಿ. ನನ್ನ ಬ್ರೂನೋ ಕುಂಟಿದ್ರೂ ಬದುಕಿದೆ. ನಿಮ್ಮ ಬೀದಿ ನಾಯಿಗಳು ಗಟ್ಟಿ ಅಂತೀರಲ್ಲ, ಗಟ್ಟಿ ಇರೋವು ಮಾತ್ರ ನಿಮ್ಮ ಕಣ್ಣಿಗೆ ಬೀಳೋದು. ಮಿಕ್ಕಿದ್ದು ಮರಿಯಲ್ಲೇ ಚರಂಡಿ ಪಾಲಾಗಿರ್ತವೆ. ಅದನ್ನ ಯಾರು ನೋಡ್ತಾರೆ?"

ಅತ್ತೆ ತಿರುಗಿ ಎರಡೇಟು ಕೊಡುತ್ತಾಳೆ ಎಂದು ನಾನು ಕಾದೆ. ಅವಳು ಎದ್ದು ಒಳಗೆ ಹೋದಳು! ಅತ್ತೆ ಮಾತಿಗೆ ಮಾತು ಕೊಡದೆ ಎದ್ದು ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಮೇಷ್ಟ್ರು ಗೆದ್ದೆನೆಂದುಕೊಂಡು ಮೀಸೆ ನೀವಿಕೊಂಡರು. ಜಗುಲಿಯ ಮೂಲೆಯಲ್ಲಿ ಕೂತಿದ್ದ ಮಾವ ಮಾತ್ರ ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದರು.

ಬ್ರೂನೋಗೆ ಹಾಕಿಸುವಾಗ ಗಿಡ್ಡಿಗೂ ಚುಚ್ಚುಮದ್ದು ಹಾಕಿಸಿಬಿಡೋಣ ಎಂದು ಮೇಷ್ಟ್ರು ಎಷ್ಟೋ ಸಲ ಕರೆದಿದ್ದರು. ಅತ್ತೆ ಒಪ್ಪಿದರೆ ತಾನೆ! "ಚಿರತೆ ಕೈಲಿ ಸಾಯದೋಳು ನೆಗಡೀಗ್ ಸಾಯ್ತಾಳಾ? ಬುಡಿ ಮೇಷ್ಟ್ರೇ. ಸೂಜಿ ನಿಮ್ ಜಾತಿಯೋರ್ಗೆ ಇರ್ಲಿ, ನಿಮ್ ನಾಯಿ ಜಾತಿಯೋರ್ಗೆ!"

ಆ ವರ್ಷ ಬೀದಿಯ ನಾಯಿಗಳಿಗೆ ಕಾಯಿಲೆ ಬಿತ್ತು. ಮೊದಲು ಬಸ್ ಸ್ಟ್ಯಾಂಡಿನ ಕಡೆ, ಆಮೇಲೆ ಸಂತೆಮಾಳದ ಕಡೆ. ಕಣ್ಣು ಮೂಗು ಸುರಿಸಿಕೊಂಡು, ತಲೆ ಅಲ್ಲಾಡಿಸುತ್ತಾ ತಿರುಗಿ ತಿರುಗಿ ಬೀಳುತ್ತಿದ್ದವು. ಬೆಳಿಗ್ಗೆ ಕಸದ ಗಾಡಿಯವರು ಕಸದ ಜೊತೆಗೆ ನಾಯಿಗಳನ್ನೂ ಎತ್ತಿಕೊಂಡು ಹೋಗುತ್ತಿದ್ದರು. ಕಂತ್ರಿ ನಾಯಿಗಳೇ, ಎಲ್ಲವೂ. ಅತ್ತೆ ಜಗುಲಿಗೆ ಬರುವುದನ್ನೇ ಬಿಟ್ಟಳು.

ನಾನು ಹೋದ ದಿನ ಗಿಡ್ಡಿ ಮುದ್ದೆ ಮೂಸಿಯೂ ನೋಡಿರಲಿಲ್ಲ. ಮೂಗಿನಲ್ಲಿ ಹಳದಿ ಗೊಣ್ಣೆ, ಕಣ್ಣಲ್ಲಿ ಪಿಸುರು. ನೋಡನೋಡುತ್ತಿದ್ದಂತೆ ಕಾಲು ಸೆಟೆದು, ದವಡೆ ಕಟಕಟ ಬಡಿದು ಮೂರ್ಛೆ ಬಂತು. ನಾನು ಹೆದರಿ ಕಿರುಚಿದೆ. ಅತ್ತೆ ಕಿರುಚಲಿಲ್ಲ. ಗಿಡ್ಡಿಯನ್ನು ಪಕ್ಕಕ್ಕೆ ಹೊರಳಿಸಿದಳು, ಗೋಡೆಗೆ ತಲೆ ಬಡಿಯದ ಹಾಗೆ ತನ್ನ ಹಳೇ ಸೀರೆಯೊಂದನ್ನು ಮಡಿಸಿ ಅಡ್ಡ ಇಟ್ಟಳು, ಬಾಯಿಯ ನೊರೆ ಒರೆಸಿದಳು. "ಬಾಯಿಗೆ ನೀರು ಬುಡಬ್ಯಾಡ. ತಾನೇ ನಿಲ್ಲೋಗಂಟ ಮುಟ್ಟಬಾರದು ಕಣವ್ವಾ," ಎಂದು ಸಣ್ಣ ದನಿಯಲ್ಲಿ ಹೇಳಿದಳು. ಇಷ್ಟೊಂದು ಪಳಗಿದ ಕೈ ಇವಳಿಗೆ ಎಲ್ಲಿಂದ ಬಂತು ಎಂದು ಆ ಗಾಬರಿಯಲ್ಲೂ ಅನ್ನಿಸಿತು.

ಮೇಷ್ಟ್ರೇ ಆಟೋ ತಂದರು. ಪಶು ಆಸ್ಪತ್ರೆಯ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಗಿಡ್ಡಿಯ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಡಿಸ್ಟೆಂಪರ್ ಇರಬೇಕು. ಚುಚ್ಚುಮದ್ದು ಹಾಕ್ಸಿದ್ರಾ ಅಮ್ಮಾ?" ಎಂದರು.

"ಇದು ಕಂತ್ರಿ ಡಾಕ್ಟ್ರೇ," ಎಂದಳು ಅತ್ತೆ. ಊರಿಗೆಲ್ಲ ಪಾಠ ಹೇಳಿದ ಬಾಯಲ್ಲಿ ಆಗ ಉಳಿದಿದ್ದದ್ದು ಅಷ್ಟೇ.

"ಈ ಕಾಯಿಲೆ ಅದನ್ನೆಲ್ಲ ಕೇಳ್ಕೊಂಡು ಬರಲ್ಲಮ್ಮಾ."

ಜೊತೆಗಿದ್ದ ಮೇಷ್ಟ್ರು ಅಲ್ಲಿ ಒಂದು ಚುಚ್ಚುಮಾತು ಆಡಬಹುದಿತ್ತು. ಬದಲಿಗೆ ಅತ್ತೆಯ ಪರವಾಗಿ ತಾವೇ ಕೇಳಿದರು: "ಮಿಶ್ರ ತಳಿ ಗಟ್ಟಿ ಅಂತಾರಲ್ಲ ಮೇಡಂ, ಅದು ಪೂರ್ತಿ ಸುಳ್ಳಾ?"

"ಪೂರ್ತಿ ಸುಳ್ಳಲ್ಲ ಸಾರ್. ಒಂದೇ ತಳಿ ಉಳೀಲಿ ಅಂತ ಹತ್ತಿರದ ರಕ್ತಾನೇ ಕೂಡಿಸ್ತಾರಲ್ಲ, ಆಗ ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿರೋ ಒಂದೇ ದೋಷ ಮರೀಲಿ ಎದ್ದು ಬರಬಹುದು. ಬೇರೆ ಬೇರೆ ರಕ್ತ ಸೇರಿದ್ರೆ ಆ ಭಯ ಕಡಿಮೆ. ಆದ್ರೆ ಇದು ಹೊರಗಿಂದ ಅಂಟೋ ರೋಗ. ಇದಕ್ಕೆ ಚುಚ್ಚುಮದ್ದೇ ಗತಿ."

ಅತ್ತೆ ಗಿಡ್ಡಿಯ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು.

"ಆ ಅಪ್ಪ ಅಮ್ಮ ನೋಡಕ್ಕೆ ಚೆಂದಾಗೇ ಇರ್ತಾವಾ ಡಾಕ್ಟ್ರೇ?"

"ಇರ್ತಾವಮ್ಮ. ಮೇಲೆ ನೋಡಿದ್ರೆ ಏನೂ ಗೊತ್ತಾಗಲ್ಲ."

"ಹುಟ್ಟಿದ್ದಕ್ಕೆಲ್ಲ ಬಂದೇ ಬತ್ತದಾ?"

"ಹಾಗೇನಿಲ್ಲ. ಕೆಲವಕ್ಕೆ ಬರುತ್ತೆ, ಕೆಲವಕ್ಕೆ ಇಲ್ಲ."

"ಬಂದ್ರೆ ಅದು ತಾಯಿ ತಪ್ಪಾ?"

ಡಾಕ್ಟರಮ್ಮ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದವರು ತಲೆ ಎತ್ತಿ ಅತ್ತೆಯ ಮುಖ ನೋಡಿದರು. "ಅಯ್ಯೋ, ತಾಯಿ ಏನ್ ಮಾಡ್ತಾಳಮ್ಮ? ಯಾರ ತಪ್ಪೂ ಅಲ್ಲ."

ಆಗ ನನಗೆ ಹೊಳೆಯಿತು. ಅತ್ತೆ ಮದುವೆಯಾದದ್ದು ತನ್ನ ತಾಯಿಯ ಸ್ವಂತ ತಮ್ಮನನ್ನು. ನಮ್ಮ ಕಡೆ ಅದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದೊಂದು ವಿಷಯ ಎಂದು ನಾನು ಯಾವತ್ತೂ ಯೋಚಿಸಿದ್ದೇ ಇಲ್ಲ. ಆ ಸಂಬಂಧ ಮಾಡಿಸಿದ್ದು ನಮ್ಮಜ್ಜಿ. ಮಕ್ಕಳು ಒಂದಾದ ಮೇಲೊಂದು ಹೋದಾಗ "ಇವಳ ಮಡಿಲೇ ಸರಿಯಿಲ್ಲ" ಎಂದು ಬಂದವರ ಮುಂದೆಲ್ಲ ಹೇಳಿದ್ದೂ ನಮ್ಮಜ್ಜಿಯೇ, ಹೆತ್ತ ತಾಯಿಯೇ! ಮಕ್ಕಳಿಗೆ ಮೂರ್ಛೆ ಬರುತ್ತಿತ್ತಂತೆ ಎಂದು ನನ್ನಮ್ಮ ಯಾವಾಗಲೋ ಅಂದದ್ದು ಆಗ ನೆನಪಾಯಿತು. ಊರಿನವರಿಗೆಲ್ಲ ನಾಯಿಯ ನೆಪದಲ್ಲಿ ಅತ್ತೆ ಇಷ್ಟು ವರ್ಷ ಹೇಳುತ್ತಾ ಬಂದದ್ದಾದರೂ ಏನು? ನಾವೆಲ್ಲ ನಕ್ಕು, ಕಾಫಿ ಕುಡಿದು ಬರುತ್ತಿದ್ದೆವು.

ಗಿಡ್ಡಿ ಉಳಿಯಲಿಲ್ಲ. ಔಷಧಿ ಕುಡಿಸಿದ್ದಾಯಿತು, ಡ್ರಿಪ್ ಹಾಕಿಸಿದ್ದಾಯಿತು. ಒಂದು ಬೆಳಿಗ್ಗೆ ಅತ್ತೆಯ ಮಡಿಲಲ್ಲೇ ತಣ್ಣಗಾಯಿತು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಮಾವ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದರು. ಮೇಷ್ಟ್ರು ಬ್ರೂನೋನನ್ನು ಮನೆಯಲ್ಲೇ ಕಟ್ಟಿ ಬಂದು, ಬಗ್ಗಲಾಗದ ಸೊಂಟ ಹಿಡಿದುಕೊಂಡೇ ಒಂದಿಷ್ಟು ಮಣ್ಣು ಎಳೆದು ಹೋದರು. ಹೋಗುವಾಗ, "ಬೀದೀಲಿ ಉಳಿದಿರೋ ಮರಿಗಳಿಗಾದ್ರೂ ಹಾಕ್ಸೋಣ ಕಣಮ್ಮಾ. ಹಿಡ್ಕೊಳ್ಳೋಕೆ ನೀವೇ ಬೇಕು, ನನ್ನ ಕಂಡ್ರೆ ಅವು ಓಡ್ತವೆ," ಎಂದರು. ಅತ್ತೆ "ಹೂಂ" ಎಂದಳು. ಆ "ಹೂಂ" ಬರಿಯ ಮಾತಾಗಲಿಲ್ಲ. ಮುಂದೆ ಆ ಬೀದಿಯ ಮರಿಗಳೆಲ್ಲ ಅವಳ ಸೆರಗಿನಲ್ಲೇ ಸುತ್ತಿಕೊಂಡು ಹೋಗಿ ಸೂಜಿ ಚುಚ್ಚಿಸಿಕೊಂಡವು.

ಆದರೆ ನಾನು ಹೇಳಬೇಕಾದದ್ದು ಆ ಬೆಳಿಗ್ಗೆಯ ಮಾತು. ಗುಂಡಿ ಮುಚ್ಚಿ ಆಗಿತ್ತು. ಕೈ ತೊಳೆಯಲು ನೀರು ಹಿಡಿದುಕೊಂಡು ನಾನು ಹಿತ್ತಲ ಬಾಗಿಲಲ್ಲಿದ್ದೆ. ಅತ್ತೆ ಗಂಡನನ್ನು "ಇವ್ರೇ" ಎಂದು ಕರೆಯುವುದನ್ನಷ್ಟೇ ನಾನು ಕೇಳಿದ್ದೆ. ಅವತ್ತು ಅವಳು, ತನ್ನ ಚಿಕ್ಕಂದಿನಲ್ಲಿ ಕರೆಯುತ್ತಿದ್ದಿರಬಹುದಾದ ಹಾಗೆ, "ಮಾವಾ" ಎಂದಳು.

ಮಾವ ತಿರುಗಿದರು.

"ಆ ಡಾಕ್ಟ್ರಮ್ಮ ಹೇಳುದ್ರು. ಯಾರ್ ತಪ್ಪೂ ಅಲ್ವಂತೆ."

ಯಾವುದು, ಏನು ಎಂದು ಮಾವ ಕೇಳಲಿಲ್ಲ. ಗುದ್ದಲಿಯ ಕಾವಿಗೆ ಒರಗಿಕೊಂಡರು. ಇವರು ಯಥಾಪ್ರಕಾರ ಬಾಯಿ ಬಿಡುವುದಿಲ್ಲ ಎಂದು ನಾನು ಹೆಜ್ಜೆ ಮುಂದಿಡುವವಳಿದ್ದೆ. ಆಗ ಹೇಳಿದರು.

"ನಕ್ರೆ ಕೆನ್ನೇಲಿ ಗುಳಿ ಬೀಳೋದು ಕಣೆ. ನಿನ್ ಥರನೇ."

ಅತ್ತೆ ಅವರ ಮುಖವನ್ನೇ ನೋಡಿದಳು. "ಯಾವ ಮಗೀಗೆ?"

"ಎಲ್ಡಕ್ಕೂವೆ."

ನಾನು ನೀರಿನ ಚೊಂಬನ್ನು ಸದ್ದಾಗದಂತೆ ಮೆಟ್ಟಿಲ ಮೇಲಿಟ್ಟು ಒಳಗೆ ಬಂದೆ. ಕಿಟಕಿಯಿಂದ ಕಂಡಿತು: ಅತ್ತೆ ಮಾವನ ಕೈ ಹಿಡಿದುಕೊಂಡು, ಒಂದೊಂದೇ ಬೆರಳಿಗೆ ಅಂಟಿದ್ದ ಮಣ್ಣನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.